ಚೊಚ್ಚಲ ಬಸುರಿಯ ಸಂಜೆಗಳು

ನಿನ್ನೆ ಸಂಜೆ ಹೊರಗೆ ಹೊರಟಾಗ ಚಪ್ಪಲಿಯ ಪಟ್ಟಿ ಬಿಗಿಯಲು ನನಗೆ ಬಗ್ಗಲಾಗಲಿಲ್ಲ. ಹೊಟ್ಟೆ ಅಡ್ಡ ಬರುತ್ತದೆ, ಸಂಜೆಯ ಹೊತ್ತಿಗೆ ಪಾದಗಳೂ ಊದಿಕೊಂಡಿರುತ್ತವೆ. ಇವರು ಏನೂ ಹೇಳದೆ ಕೆಳಗೆ ಕುಳಿತು, ಪಟ್ಟಿಯನ್ನು ಎಂದಿನ ತೂತಿನಿಂದ ಬಿಡಿಸಿ ಮುಂದಿನದಕ್ಕೆ ಹಾಕಿ, "ಬಿಗಿಯಾಯಿತೇ?" ಎಂದು ಬೆರಳು ತೂರಿಸಿ ನೋಡಿದರು. ಮೆಟ್ಟಿಲಿಳಿಯುವಾಗ ಪಕ್ಕದ ಮನೆಯ ಹಿರಿಯರೊಬ್ಬರು ಎದುರಾದರು. "ಏಳು ತಿಂಗಳು ತುಂಬುತ್ತಾ ಬಂತು, ಈಗಲೂ ತಿರುಗಾಟವೇನಮ್ಮಾ?" ಎಂದರು. ಅವರ ದನಿಯಲ್ಲಿ ಕಾಳಜಿಯೇ ಇತ್ತು. ನಾನು ನಕ್ಕು ಮುಂದೆ ನಡೆದೆ. ಆದರೆ ರಾತ್ರಿಯೆಲ್ಲ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅವರಿಗೆ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೀಗ 29ನೇ ವಾರ. ಮೊದಲ ಮಗು. ಈ ತಿಂಗಳುಗಳಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಮಾತುಗಳು ಎರಡು. "ಸುಮ್ಮನೆ ಮನೆಯಲ್ಲಿರು" ಎನ್ನುವುದು ಒಂದು. "ಈಗಲೇ ಎಲ್ಲಾ ಕಡೆ ಸುತ್ತಿಬಿಡಿ, ಮಗು ಬಂದ ಮೇಲೆ ಮುಗಿಯಿತು" ಎನ್ನುವುದು ಇನ್ನೊಂದು. ಮೊದಲನೆಯದು ಹಿರಿಯರದು, ಎರಡನೆಯದು ನನ್ನ ಓರಗೆಯವರದು. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ನೋವಾಗುವುದು ಎರಡನೆಯದರಿಂದ. ಇನ್ನೂ ಕಣ್ಣು ತೆರೆಯದ ಕೂಸಿನ ಮೇಲೆ, ಅಪ್ಪ ಅಮ್ಮನ ಸಂತೋಷ ಕಿತ್ತುಕೊಳ್ಳಲು ಬರುತ್ತಿದೆ ಎಂಬ ಅಪವಾದವನ್ನು ಈಗಲೇ ಏಕೆ ಹೊರಿಸಬೇಕು? ಆ ಮಾತನ್ನು ಮನಸ್ಸಿಗೆ ಹಾಕಿಕೊಂಡು ಹೊರಟರೆ ಪ್ರತಿ ಸಂಜೆಯೂ ಬೀಳ್ಕೊಡುಗೆಯಂತೆ ಕಾಣುತ್ತದೆ. ಹಾಗೆ ಲೆಕ್ಕ ಹಾಕುತ್ತಾ ಸುತ್ತಾಡುವುದು ನನಗೆ ಬೇಡ.

ಮೊದಲ ಮೂರು ತಿಂಗಳು ನಾವು ಎಲ್ಲಿಗೂ ಹೋಗಲಿಲ್ಲ. ಹೊಟ್ಟೆ ತೊಳೆಸುವುದು ಬೆಳಗಿನ ಹೊತ್ತಿಗೆ ಮಾತ್ರ ಎಂದು ಯಾರು ಹೇಳಿದರೋ ಕಾಣೆ. ನನಗೆ ಹಗಲೂ ಇತ್ತು, ರಾತ್ರಿಯೂ ಇತ್ತು. ಒಂಬತ್ತು, ಹತ್ತನೇ ವಾರದ ಆಸುಪಾಸಿನಲ್ಲಿ ಗರ್ಭಧಾರಣೆಯ ಹಾರ್ಮೋನು ಏರುವಷ್ಟು ಏರಿರುತ್ತದೆ, ಆಮೇಲೆ ಇಳಿಯುತ್ತದೆ ಎಂದು ವೈದ್ಯರು ಹೇಳಿದ್ದರು. ಆ ಇಳಿಯುವ ದಿನಕ್ಕಾಗಿ ಕ್ಯಾಲೆಂಡರ್ ನೋಡುತ್ತಾ ಕುಳಿತಿದ್ದೆ. ಆ ದಿನಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ.

ಹದಿನೈದನೇ ವಾರದಲ್ಲಿ ಒಂದು ಸಂಜೆ ಇವರು, "ಉದ್ಯಾನದ ಬೆಂಚಿನವರೆಗೆ ಹೋಗಿ ಬರೋಣವೇ?" ಎಂದರು. ಮದುವೆಯಾದಾಗಿನಿಂದ ನಾವು ನಡೆಯುತ್ತಿದ್ದ ದಾರಿಯೇ ಅದು. ಮೊದಲು ಹತ್ತು ನಿಮಿಷ ಸಾಕಾಗುತ್ತಿತ್ತು. ಅಂದು ಅರ್ಧ ದಾರಿಯ ಸಣ್ಣ ಏರಿನಲ್ಲಿ ಏದುಸಿರು ಬಂದು ನಿಂತೆ. ಇವರ ಮುಖ ಬಿಳಿಚಿಕೊಂಡಿತು. ಮುಂದಿನ ತಪಾಸಣೆಯಲ್ಲಿ ವೈದ್ಯರು ನಮ್ಮಿಬ್ಬರನ್ನೂ ಕೂರಿಸಿ ವಿವರಿಸಿದರು: ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣವೇ ದಿನ ಕಳೆದಂತೆ ಏರುತ್ತಾ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚಾಗುತ್ತದೆ, ಹೃದಯ ಅಷ್ಟನ್ನೂ ಸಾಗಿಸಬೇಕು, ಆದ್ದರಿಂದ ಏರು ಹತ್ತುವಾಗ ಸ್ವಲ್ಪ ಉಸಿರು ಕಟ್ಟಿದಂತಾಗುವುದು ಸಹಜ, ನಿಧಾನವಾಗಿ ನಡೆಯಲಿ, ಆದರೆ ನಡೆಯುವುದನ್ನು ಬಿಡಬಾರದು. ತೊಂದರೆಯಿಲ್ಲದ ಬಸುರಿನಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷದಷ್ಟು ನಡಿಗೆಯಂಥ ಹದವಾದ ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ ಎಂಬುದನ್ನು ನಾನು ತಿಳಿದದ್ದು ಆಗಲೇ.

ಇವರ ನಡಿಗೆ ಮೊದಲಿನಿಂದಲೂ ಬಿರುಸು. ಎಷ್ಟು ಹೇಳಿದರೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇರುತ್ತಿದ್ದರು, ತಿರುವಿನಲ್ಲಿ ನಿಂತು ಕಾಯುತ್ತಿದ್ದರು. ಆ ತಪಾಸಣೆಯ ಮರುದಿನದಿಂದ ನನ್ನ ಪಕ್ಕದಲ್ಲೇ ನಡೆಯುತ್ತಿದ್ದಾರೆ. ಏರು ಬರುವ ಮೊದಲೇ, ಕೇಳದೆಯೇ ನಿಲ್ಲುತ್ತಾರೆ. ನಾನು ಮನೆಯಲ್ಲೇ ಮಲಗಿದ್ದರೆ ಇವರಿಗೆ ನನ್ನ ದಣಿವು ಕಾಣುತ್ತಿತ್ತು, ಆದರೆ ನನ್ನ ವೇಗ ಎಂದೂ ತಿಳಿಯುತ್ತಿರಲಿಲ್ಲ. ಮುಂದೆ ಮಗುವನ್ನು ಎತ್ತಿಕೊಂಡು ನಡೆಯುವಾಗ ಈ ಹೆಜ್ಜೆಯೇ ಬೇಕಾಗುತ್ತದೆ.

ಆ ಬೆಂಚಿನ ಮೇಲೆ ಆಡಿದಷ್ಟು ಮಾತನ್ನು ನಾವು ಮನೆಯೊಳಗೆ ಆಡಿಲ್ಲ. ಮನೆಯಲ್ಲಿ ಮೊಬೈಲ್ ಇರುತ್ತದೆ, ಮಡಚಬೇಕಾದ ಬಟ್ಟೆ ಇರುತ್ತದೆ, ಆಸ್ಪತ್ರೆಯ ಖರ್ಚಿನ ಲೆಕ್ಕ ಇರುತ್ತದೆ. ಬೆಂಚಿನಲ್ಲಿ ಇಬ್ಬರೂ ಎದುರಿನ ಮರವನ್ನು ನೋಡುತ್ತಾ ಕುಳಿತಿರುತ್ತೇವೆ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಅಂಥ ಒಂದು ಸಂಜೆ ಇವರು ಮೆಲ್ಲನೆ, "ನನ್ನ ಅಪ್ಪ ನನ್ನನ್ನು ಎತ್ತಿಕೊಂಡ ನೆನಪೇ ನನಗಿಲ್ಲ. ನನಗೆ ಮಗುವನ್ನು ಎತ್ತಿಕೊಳ್ಳಲು ಬರುತ್ತದೋ ಇಲ್ಲವೋ" ಎಂದರು. ಇಷ್ಟು ವರ್ಷಗಳಲ್ಲಿ ಆ ಮಾತು ಇವರ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ನಾನು ನನ್ನ ಭಯಗಳನ್ನು ಹೇಳಿಕೊಂಡೆ. ಹೆರಿಗೆ ನೋವಿನ ಭಯ ಇದ್ದದ್ದೇ, ಅದಕ್ಕಿಂತ ದೊಡ್ಡದು ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿಬಿಟ್ಟರೆ ಎನ್ನುವುದು. ಕತ್ತಲಾಗಿ ದೀಪ ಹತ್ತಿಕೊಂಡರೂ ಎದ್ದಿರಲಿಲ್ಲ.

ಹಾಗೆಂದು ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಹೊರಡಬಹುದು ಎಂದು ನಾನು ಹೇಳುತ್ತಿಲ್ಲ. ರಕ್ತಸ್ರಾವ ಆಗಿದ್ದರೆ, ಮಾಸು (ಪ್ಲಾಸೆಂಟಾ) ಗರ್ಭಕೋಶದ ಕೆಳಭಾಗದಲ್ಲಿ ಕುಳಿತಿದ್ದರೆ, ರಕ್ತದೊತ್ತಡ ಏರಿದ್ದರೆ, ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆ ಇದ್ದರೆ ವೈದ್ಯರ ಮಾತೇ ಕೊನೆಯ ಮಾತು. ನಾವು ಊರು ದಾಟುವ ಮುನ್ನ ಪ್ರತಿ ಸಲವೂ ಕೇಳಿಯೇ ಹೊರಟಿದ್ದೇವೆ. ಕಾರಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಒಂದೇ ಸಮನೆ ಕೂರುವುದಿಲ್ಲ. ಬಸುರಿನಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು, ಇಳಿದು ನಾಲ್ಕು ಹೆಜ್ಜೆ ಓಡಾಡಲೇಬೇಕು. ಸೀಟ್ ಬೆಲ್ಟ್ ಹೊಟ್ಟೆ ಒತ್ತುತ್ತದೆ ಎಂದು ಹಾಕಿಕೊಳ್ಳದೇ ಬಿಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಕೆಳಗಿನ ಪಟ್ಟಿ ಹೊಟ್ಟೆಯ ಅಡಿಯಲ್ಲಿ, ಸೊಂಟದ ಮೂಳೆಗೆ ತಾಗಿಕೊಂಡಿರಬೇಕು. ಮೇಲಿನ ಪಟ್ಟಿ ಎದೆಯ ನಡುವಿನಿಂದ ಹಾದು ಹೊಟ್ಟೆಯ ಪಕ್ಕದಲ್ಲಿ ಇಳಿಯಬೇಕು. ಹೊಟ್ಟೆಯ ಮೇಲೆ ಯಾವ ಪಟ್ಟಿಯೂ ಕೂರಬಾರದು. ಇವರು ಗಾಡಿ ಹೊರಡಿಸುವ ಮುನ್ನ ನನ್ನ ಬೆಲ್ಟನ್ನು ಕೈಯಾರೆ ಕೆಳಗೆ ಸರಿಸಿ ನೋಡುವುದು ಈಗ ಅಭ್ಯಾಸವಾಗಿದೆ. ವಿಮಾನಯಾನಕ್ಕೆ, ಒಂದೇ ಮಗುವಿನ ತೊಂದರೆಯಿಲ್ಲದ ಬಸುರಾದರೆ ಸಾಮಾನ್ಯವಾಗಿ 36ನೇ ವಾರದವರೆಗೆ ಅಡ್ಡಿಯಿಲ್ಲ ಎನ್ನುತ್ತಾರೆ, ಅವಳಿಯಾದರೆ ಮಿತಿ ಇನ್ನೂ ಮುಂಚೆಯೇ ಬರುತ್ತದೆ. ಪ್ರತಿ ವಿಮಾನ ಸಂಸ್ಥೆಗೂ ಅದರದೇ ನಿಯಮವಿರುತ್ತದೆ, ವೈದ್ಯರ ಪತ್ರ ಕೇಳುವುದೂ ಉಂಟು. ಎಲ್ಲಿಗೆ ಹೋದರೂ ತಪಾಸಣೆಯ ಕಡತ ಮತ್ತು ನೀರಿನ ಬಾಟಲಿ ನಮ್ಮ ಚೀಲದಲ್ಲಿ ಇದ್ದೇ ಇರುತ್ತವೆ. ನೀರು ಹೋದರೆ, ರಕ್ತ ಕಂಡರೆ, ಕಣ್ಣು ಮಂಜಾಗಿ ತಲೆ ಸಿಡಿಯತೊಡಗಿದರೆ, ಮಗುವಿನ ಅಲುಗಾಟ ಕಡಿಮೆಯಾಯಿತು ಎನ್ನಿಸಿದರೆ ಎಲ್ಲಿದ್ದೇವೋ ಅಲ್ಲಿಂದಲೇ ನೇರ ಆಸ್ಪತ್ರೆಗೆ ಎಂದು ಮೊದಲೇ ಮಾತಾಡಿಕೊಂಡಿದ್ದೇವೆ.

ಇಪ್ಪತ್ತಾರನೇ ವಾರದ ಒಂದು ಸಂಜೆಯನ್ನು ಮಾತ್ರ ಬರೆಯದೇ ಇರಲಾರೆ. ಬಯಲಿನಲ್ಲಿ ಸಂಗೀತ ಕಾರ್ಯಕ್ರಮವಿತ್ತು. ಧ್ವನಿವರ್ಧಕದಿಂದ ದೂರ, ಹಿಂದಿನ ಸಾಲಿನ ತುದಿಯಲ್ಲಿ ಕುಳಿತೆವು. ಕಾಲು ಚಾಚಲೂ ಬೇಕು, ಶೌಚಾಲಯಕ್ಕೆ ಏಳಲೂ ಬೇಕು. ಆ ಹೊತ್ತಿಗೆ ಮಗುವಿಗೆ ಹೊರಗಿನ ಶಬ್ದ ಕೇಳಿಸುತ್ತದೆ ಎಂದು ಓದಿದ್ದೆ. ತಾಳವಾದ್ಯದವರು ಮುಗಿತಾಯಕ್ಕೆ ಬಂದಾಗ ಎಡ ಪಕ್ಕೆಯ ಕೆಳಗೆ ಒಮ್ಮೆ ಜೋರಾಗಿ ಒದೆಯಿತು. ಇವರ ಕೈ ಹಿಡಿದು ಅಲ್ಲಿಟ್ಟೆ. ನಿಂತೇಹೋಯಿತು. ಅದುವರೆಗೆ ಎಷ್ಟೋ ರಾತ್ರಿ ಹೀಗೆಯೇ ಆಗಿತ್ತು, ಇವರು ಕೈ ಇಟ್ಟ ಕೂಡಲೇ ಮಗು ಸುಮ್ಮನಾಗುತ್ತಿತ್ತು. ಅಂದು ಕೈ ತೆಗೆಯಲಿಲ್ಲ. ಮುಂದಿನ ಕೃತಿ ಶುರುವಾಗಿ ಸ್ವಲ್ಪ ಹೊತ್ತಿಗೆ ಮತ್ತೆ ಒಂದು, ಅದರ ಬೆನ್ನಿಗೇ ಇನ್ನೊಂದು. ಇವರು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಸುತ್ತ ಚಪ್ಪಾಳೆ ಬೀಳುತ್ತಿತ್ತು, ಇವರ ಕೈ ಮಾತ್ರ ನನ್ನ ಹೊಟ್ಟೆಯ ಮೇಲೆಯೇ ಇತ್ತು. ಇಬ್ಬರೇ ಹೋಗಿದ್ದೇವೆ ಎಂದುಕೊಂಡಿದ್ದೆವು, ಮೂವರಾಗಿ ಕುಳಿತಿದ್ದೆವು.

ಮಗು ಹುಟ್ಟಿದ ಮೇಲೆ ಏನಾಗುತ್ತದೆ ಎಂಬ ಅರಿವು ನನಗಿಲ್ಲದಿಲ್ಲ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲು ಕುಡಿಯುತ್ತದೆ, ರಾತ್ರಿ ಹಗಲು ಒಂದೇ ಆಗುತ್ತದೆ, ನನ್ನ ಮೈ ಚೇತರಿಸಿಕೊಳ್ಳಬೇಕು. ಕೆಲವು ತಿಂಗಳು ನಮ್ಮ ತಿರುಗಾಟ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಮಾತ್ರ ಇರಬಹುದು. ಇರಲಿ. ನಿಧಾನವಾಗಿ ಹೋಗುವುದನ್ನು, ಅರ್ಧಕ್ಕೇ ಎದ್ದು ಬರುವುದನ್ನು ನಾವು ಈಗಾಗಲೇ ಕಲಿತಿದ್ದೇವೆ. ಎರಡು ಸಿನಿಮಾಗಳ ಕೊನೆ ಏನಾಯಿತು ಎಂದು ನಮಗೆ ಇನ್ನೂ ಗೊತ್ತಿಲ್ಲ.

ಹಿರಿಯರಲ್ಲಿ ನನ್ನದೊಂದು ಕೋರಿಕೆ ಇದೆ. "ಹೋಗಬೇಡ" ಎನ್ನುವ ಬದಲು "ತಲುಪಿದ ಮೇಲೆ ಒಂದು ಫೋನ್ ಮಾಡಮ್ಮಾ" ಎನ್ನಿ. ಮಗು ಬಂದ ಮೇಲೆ ಒಂದು ಗಂಟೆ ಅದನ್ನು ಮಡಿಲಲ್ಲಿಟ್ಟುಕೊಂಡು ನಮ್ಮಿಬ್ಬರನ್ನು ಹೊರಗೆ ಕಳಿಸಿಕೊಡಿ, ಅದಕ್ಕಿಂತ ದೊಡ್ಡ ಉಡುಗೊರೆ ನಮಗೆ ಬೇಡ. ಇನ್ನು ಮನೆಯೊಳಗೇ ಹಾಯಾಗಿರುತ್ತೇನೆ ಎನ್ನುವ ಬಸುರಿಯರನ್ನು ಎಬ್ಬಿಸಿ ಹೊರಡಿಸುವ ಆಸೆ ನನಗಿಲ್ಲ. ಅವರು ಗಂಡನೊಂದಿಗೆ ಮಹಡಿಯ ಮೇಲೆ ಕುಳಿತು ಮಾತಾಡಿದರೂ ನಾನು ಹೇಳುತ್ತಿರುವುದು ಅದನ್ನೇ.

ಮುಂದಿನ ವಾರ 30 ತುಂಬುತ್ತದೆ, ತಪಾಸಣೆಯಿದೆ. ಅದು ಮುಗಿಸಿಕೊಂಡು ಬೆಟ್ಟದ ಮೇಲಿನಿಂದ ಸೂರ್ಯಾಸ್ತ ನೋಡಬೇಕೆಂದಿದ್ದೆವು. ಮೆಟ್ಟಿಲು ಬಹಳವಿದೆ ಎಂದು ನಾನೇ ಬೇಡವೆಂದೆ. ವೈದ್ಯರು ಒಪ್ಪಿದರೆ ಕೆರೆಯ ದಂಡೆಯವರೆಗೆ ಹೋಗುತ್ತೇವೆ. ಅಲ್ಲಿ ಕಲ್ಲುಬೆಂಚು ಇದೆಯೋ ಇಲ್ಲವೋ ಎಂದು ಇವರು ನಿನ್ನೆಯೇ ಹೋಗಿ ನೋಡಿಕೊಂಡು ಬಂದಿದ್ದಾರೆ. ಇದೆಯಂತೆ, ನೆರಳಿನಲ್ಲೇ.