ಸತ್ಯಾಂಶ: ಕ್ಯಾಡ್‌ಗೆ ವರ್ಕ್‌ಸ್ಟೇಷನ್ ಕಾರ್ಡೇ ಬೇಕಾ?

"ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಕ್ಯಾಡ್ ಓಡುವುದೇ ಇಲ್ಲ" ಎಂಬ ಫಾರ್ವರ್ಡ್ ಮೆಸೇಜ್ ಮಣಿಪಾಲ, ಸುರತ್ಕಲ್ ಕಡೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಕ್ಯಾಡ್ ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆ, ವಿನ್ಯಾಸ ಬಿಡಿಸುವ ತಂತ್ರಾಂಶ. ಅದಕ್ಕೆ ವೃತ್ತಿಪರರಿಗೆಂದೇ ಮಾಡಿದ ದುಬಾರಿ ವರ್ಕ್‌ಸ್ಟೇಷನ್ ಕಾರ್ಡೇ ಬೇಕು ಎಂಬುದು ಈ ಮೆಸೇಜಿನ ಅರ್ಥ. ಇದು ನಿಜವಲ್ಲ.

ಆಟೋಕ್ಯಾಡ್ 2025 ಎಂಬ ಕ್ಯಾಡ್ ತಂತ್ರಾಂಶಕ್ಕೆ ಅದರ ತಯಾರಕ ಕಂಪನಿ ಆಟೋಡೆಸ್ಕ್ ಕೇಳುವುದು ಕನಿಷ್ಠ 2 ಜಿಬಿ ಮೆಮೊರಿಯ, ಡೈರೆಕ್ಟ್‌ಎಕ್ಸ್ 11 (ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆ) ಬೆಂಬಲಿಸುವ ಕಾರ್ಡ್. 8 ಜಿಬಿ ಇದ್ದರೆ ಉತ್ತಮ, ಅಷ್ಟೇ. ಇದು ಗೇಮಿಂಗ್ ಕಾರ್ಡ್‌ಗಳಲ್ಲೂ ಸಿಗುತ್ತದೆ. ಮನೆಯ ಪ್ಲಾನಿನಂಥ 2ಡಿ ಕೆಲಸದಲ್ಲಿ ಭಾರ ಜಾಸ್ತಿ ಬೀಳುವುದು ಪ್ರೊಸೆಸರ್ ಮೇಲೆ. ಅದರಲ್ಲೂ ಒಂದೊಂದು ಕೋರ್‌ನ (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕದ) ವೇಗ ಮುಖ್ಯ. ಹಾಗಿರುವಾಗ ಅಪ್ಪ ಅಮ್ಮ ಸಾಲ ಮಾಡಿ ದುಬಾರಿ ಕಾರ್ಡ್ ಕೊಡಿಸುವುದು ನನಗಂತೂ ಸಂಕಟದ ವಿಷಯ.

ಯಂತ್ರಭಾಗಗಳ 3ಡಿ ವಿನ್ಯಾಸದ ತಂತ್ರಾಂಶ ಸಾಲಿಡ್‌ವರ್ಕ್ಸ್ ಮಾತು ಬೇರೆ. ವಿನ್ಯಾಸವನ್ನು ನೈಜವಾಗಿ ಕಾಣಿಸುವ ಅದರ ರಿಯಲ್‌ವ್ಯೂ ಸೌಲಭ್ಯಕ್ಕೆ ಅಧಿಕೃತ ಬೆಂಬಲ ಇರುವುದು ಸರ್ಟಿಫೈಡ್, ಅಂದರೆ ಪರೀಕ್ಷಿಸಿ ಒಪ್ಪಿದ ವರ್ಕ್‌ಸ್ಟೇಷನ್ ಕಾರ್ಡ್‌ಗಳಿಗೆ ಮಾತ್ರ. ಸಾವಿರಾರು ಬಿಡಿಭಾಗಗಳ ಅಸೆಂಬ್ಲಿ ಮಾಡುವವರಿಗೆ ಆ ಕಾರ್ಡ್‌ಗಳ ಪರೀಕ್ಷಿಸಿದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ನಿಜಕ್ಕೂ ಉಪಯೋಗ. ಕಟ್ಟಡಗಳ ವಿನ್ಯಾಸವನ್ನು ನೈಜ ಚಿತ್ರವಾಗಿಸುವ (ರೆಂಡರ್ ಮಾಡುವ) ಲುಮಿಯನ್ ತಂತ್ರಾಂಶ ಬಳಸುವುದಾದರೆ ಜಾಸ್ತಿ ಮೆಮೊರಿಯ ಗೇಮಿಂಗ್ ಕಾರ್ಡೇ ಸಾಕು.