ಎಲ್ಲರ ಕಣ್ಣೂ ಒಂದೇ ಥರ ಮೋಸಹೋಗುವುದಿಲ್ಲ: ಒಂದು ಸ್ಪಷ್ಟನೆ

ಒಂದೇ ಉದ್ದದ ಎರಡು ಗೆರೆಗಳ ಚಿತ್ರವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ತುದಿಯ ಬಾಣಗಳು ಒಂದರಲ್ಲಿ ಒಳಮುಖ, ಇನ್ನೊಂದರಲ್ಲಿ ಹೊರಮುಖ. ಹಾಗಾಗಿ ಒಂದು ಗೆರೆ ಉದ್ದ ಕಾಣುತ್ತದೆ. 'ಜಗತ್ತಿನ ಎಲ್ಲರಿಗೂ ಇದು ಒಂದೇ ಥರ ಕಾಣುತ್ತದೆ, ಮನಶ್ಶಾಸ್ತ್ರ ಸಾಬೀತು ಮಾಡಿದೆ' ಅಂತ ಕೆಳಗೆ ಬರೆದಿದೆ. ಚಿತ್ರ ಸರಿ. ಈ ಮಾತು ತಪ್ಪು.

ಇದರ ಹೆಸರು ಮ್ಯೂಲರ್-ಲೈಯರ್ ಭ್ರಮೆ. ಕಳೆದ ಶತಮಾನದ ಆರಂಭದಲ್ಲೇ ಬ್ರಿಟನ್ನಿನ ಸಂಶೋಧಕ ಡಬ್ಲ್ಯು. ಎಚ್. ಆರ್. ರಿವರ್ಸ್ ನಮ್ಮ ಪಕ್ಕದ ನೀಲಗಿರಿಯ ತೋಡ ಬುಡಕಟ್ಟಿನವರ ಮೇಲೆ ಇದನ್ನು ಪರೀಕ್ಷಿಸಿದ್ದರು. ಇಂಗ್ಲಿಷರಿಗಿಂತ ತೋಡರು ಕಡಿಮೆ ಮೋಸಹೋದರು. ಗೆರೆಗಳ ಇನ್ನೊಂದು ಭ್ರಮೆಯಲ್ಲಿ ಮಾತ್ರ ತೋಡರೇ ಜಾಸ್ತಿ ಮೋಸಹೋದರು! ಹಾಗಾಗಿ ಇದು ಜಾಣತನದ ಅಳತೆ ಅಲ್ಲವೇ ಅಲ್ಲ.

1966ರಲ್ಲಿ ಸೆಗಾಲ್, ಕ್ಯಾಂಪ್‌ಬೆಲ್ ಮತ್ತು ಹರ್ಸ್ಕೊವಿಟ್ಸ್ ಎಂಬ ಸಂಶೋಧಕರು ಹತ್ತಕ್ಕೂ ಹೆಚ್ಚು ಸಮುದಾಯಗಳಲ್ಲಿ ಇದೇ ಭ್ರಮೆ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಅಮೆರಿಕದ ಇವಾನ್‌ಸ್ಟನ್‌ನವರಿಗೆ ಭ್ರಮೆ ತುಂಬಾ ಜಾಸ್ತಿ. ಆಫ್ರಿಕಾದ ಕಲಹಾರಿ ಮರುಭೂಮಿಯ ಸ್ಯಾನ್ ಜನರಿಗೆ ಹೆಚ್ಚುಕಡಿಮೆ ಇರಲೇ ಇಲ್ಲ. ಭ್ರಮೆ ಜಾಸ್ತಿಯಾಗಲು ಚೌಕದ ಮನೆ, ನೇರ ಮೂಲೆಗಳ ನಡುವೆ ಬೆಳೆಯುವುದು ಕಾರಣ ಅಂದರು. ಆ ಕಾರಣದ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.

ಒಂದೆರಡು ದೇಶದವರನ್ನು ನೋಡಿ 'ಮನುಷ್ಯರೆಲ್ಲ ಹೀಗೇ' ಅನ್ನುವುದು ಸರಿಯಲ್ಲ, ಅಲ್ವಾ? ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.