ಕೊಂಡಿ ಗಟ್ಟಿಯಿರಲಿ, ಸರಪಳಿ ತಾನಾಗಿ ಬೆಳೆಯುತ್ತದೆ

"ನಿಮಗಿದು ಗೊತ್ತೇ?" ಅಂತ ಹತ್ತು ಸಂಗತಿ ಸುರಿಯುವ ಪೋಸ್ಟುಗಳು ದಿನಾ ಬರುತ್ತವೆ. ಓದಿ ಮುಗಿಸುವಷ್ಟರಲ್ಲಿ ಎಂಟು ಮರೆತಿರುತ್ತವೆ. ಅವನ್ನೇ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಹೇಳಿದರೆ ಮಕ್ಕಳಿಗೂ ನೆನಪಿರುತ್ತವೆ. ಆದರೆ ಕ್ವಿಜ್‌ಗಾಗಿ ಹೆಣೆಯುವ ಎಷ್ಟೋ ಸರಪಳಿಗಳಲ್ಲಿ ಕೊಂಡಿಯೇ ಇರುವುದಿಲ್ಲ. "ಇಬ್ಬರೂ ಒಂದೇ ದಿನ ಹುಟ್ಟಿದವರು", "ಎರಡೂ ಹೆಸರು ಒಂದೇ ಅಕ್ಷರದಿಂದ ಶುರು" ಎಂಬುದನ್ನೆಲ್ಲ ನಾನು ಕೊಂಡಿ ಅಂತ ಒಪ್ಪುವುದಿಲ್ಲ. ಒಂದು ವಸ್ತುವೋ ಜಾಗವೋ ಅಳತೆಯೋ ಎರಡೂ ಸಂಗತಿಗಳಲ್ಲಿ ನಿಜವಾಗಿ ಕೆಲಸ ಮಾಡಿರಬೇಕು.

ಕೋಲಾರದ ಚಿನ್ನದ ಗಣಿಯಿಂದಲೇ ಶುರು ಮಾಡೋಣ. ಆಳದಿಂದ ಅದಿರು ಎತ್ತಲು, ನೀರು ಹೊರಹಾಕಲು, ಕಲ್ಲು ಕುಟ್ಟಲು ಅಪಾರ ಶಕ್ತಿ ಬೇಕಿತ್ತು. ಅದಕ್ಕಾಗಿ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟ್ ತಂದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಆಮೇಲೆ, 1905ರಲ್ಲಿ.

ಬಹಳ ಜನ ಎಡವುವುದು ಇಲ್ಲೇ. ಶಿವನಸಮುದ್ರ "ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ" ಅಂತ ಬರೆದುಬಿಡುತ್ತಾರೆ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಕೇಂದ್ರವಿತ್ತು, ಜಪಾನಿನ ಕ್ಯೋಟೊದಲ್ಲಿ 1891ರಲ್ಲೇ ಇತ್ತು. "ಮೊದಲ" ಅನ್ನುವ ಪದ ಕಂಡಕೂಡಲೇ ಎರಡು ಸಲ ಪರಿಶೀಲಿಸಿ. ಅದನ್ನು ತೆಗೆದರೂ ನಮ್ಮ ಶಿವನಸಮುದ್ರದ ಹೆಮ್ಮೆಗೆ ಕುಂದಿಲ್ಲ. ಆ ಕಾಲಕ್ಕೆ ಅಷ್ಟು ದೂರ ಕರೆಂಟ್ ಸಾಗಿಸಿದ್ದೇ ದೊಡ್ಡ ಸಾಹಸ.

ಕೋಲಾರದ ಗಣಿ ಆಳಕ್ಕಿಳಿದಂತೆ ಇನ್ನೊಂದು ಉಪಯೋಗಕ್ಕೆ ಬಂತು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಗದ್ದಲವನ್ನು ಮೇಲಿನ ಬಂಡೆ ತಡೆಯುತ್ತದೆ. ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಕ್ಕೆ ಬಂಡೆ ಲೆಕ್ಕಕ್ಕೇ ಇಲ್ಲ, ತೂರಿ ಬರುತ್ತದೆ. ಹೀಗೆ 1965ರಲ್ಲಿ ಎರಡು ಕಿ.ಮೀ.ಗೂ ಹೆಚ್ಚು ಆಳದಲ್ಲಿ ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸಿಕ್ಕಿತು. ಇಲ್ಲೂ "ಮೊದಲು ಯಾರು" ಎಂಬ ಜಗಳಕ್ಕೆ ಇಳಿಯದೆ "ಒಂದೇ ವರ್ಷ, ಎರಡು ಗಣಿ" ಅಂದರೆ ಸಾಕು.

ಮುಂದಿನ ಕೊಂಡಿಯೂ ಗಣಿಯೇ: ಜಪಾನಿನ ಕಾಮಿಯೋಕಾ. ಪರಮಾಣುವಿನೊಳಗಿನ ಪ್ರೋಟಾನ್ ಎಂಬ ಕಣ ಎಂದಾದರೂ ಒಡೆಯುತ್ತದೆಯೇ ಎಂದು ಕೋಲಾರದಲ್ಲೂ ಹುಡುಕಿದರು, ಅಲ್ಲೂ ಹುಡುಕಿದರು. ಕಾಮಿಯೋಕಾದಲ್ಲಿ ಭೂಮಿಯ ಒಂದು ಕಿ.ಮೀ. ಕೆಳಗೆ 3,000 ಟನ್ ನೀರಿನ ತೊಟ್ಟಿ, ಸುತ್ತ ಸಾವಿರದಷ್ಟು ಬೆಳಕು ಹಿಡಿಯುವ ಗಾಜಿನ ಬುರುಡೆ. ಪ್ರೋಟಾನ್ ಒಡೆದದ್ದು ಕಾಣಲಿಲ್ಲ. ಆದರೆ 1987ರ ಫೆಬ್ರವರಿ 23ರಂದು ದೂರದ ನಕ್ಷತ್ರವೊಂದು ಸಿಡಿದು ಕಳಿಸಿದ 11 ನ್ಯೂಟ್ರಿನೋ ಸಿಕ್ಕವು. ಆ ಕೆಲಸಕ್ಕೆ ಪ್ರಯೋಗದ ಮುಂದಾಳು, ವಿಜ್ಞಾನಿ ಕೋಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು.

ಆ ಗಣಿಯಲ್ಲಿ ತೆಗೆಯುತ್ತಿದ್ದದ್ದು ಸತು. ಸತುವಿನ ಅದಿರಿನ ಜೊತೆಗೇ ಇರುವ ಕ್ಯಾಡ್ಮಿಯಂ ಎಂಬ ವಿಷದ ಲೋಹ ಜಿಂಜೂ ನದಿಗೆ ಹರಿದು, ಗದ್ದೆಗೆ ನುಗ್ಗಿ, ಅನ್ನದ ಮೂಲಕ ಹೊಟ್ಟೆ ಸೇರಿತು. ಅಲ್ಲಿನವರ ಮೂಳೆ ಎಷ್ಟು ಮೆತ್ತಗಾಗುತ್ತಿತ್ತೆಂದರೆ ಕೆಮ್ಮಿದರೂ ಮುರಿಯುತ್ತಿತ್ತು. "ಇತಾಯ್ ಇತಾಯ್" ಎಂದು ನರಳುತ್ತಿದ್ದರು, ಅಂದರೆ "ನೋವು, ನೋವು". ಅದೇ ರೋಗದ ಹೆಸರಾಯಿತು. ಇದನ್ನು ನೊಬೆಲ್ ಕತೆಯ ಪಕ್ಕದಲ್ಲೇ ಹೇಳಬೇಕು. ಮುಚ್ಚಿಟ್ಟರೆ ಸರಪಳಿಯೇ ಸುಳ್ಳಾಗುತ್ತದೆ.

ಅದೇ ಕ್ಯಾಡ್ಮಿಯಂನ ಕೆಂಪು ಬೆಳಕಿನಿಂದ ಅಮೆರಿಕದ ಭೌತವಿಜ್ಞಾನಿ ಮೈಕಲ್‌ಸನ್ 1890ರ ದಶಕದಲ್ಲಿ ಮೀಟರನ್ನು ಅಳೆದರು: ಒಂದು ಮೀಟರಿಗೆ 15,53,163.5 ಅಲೆಗಳು. ಮೀಟರಿನಿಂದ ನಮ್ಮ ದಶಮಾಂಶಕ್ಕೆ ಬರೋಣ. 1956ರಲ್ಲಿ ಮೀಟರ್, ಕಿಲೋ ತಂದ ತೂಕ ಮತ್ತು ಅಳತೆಗಳ ಕಾಯ್ದೆ, 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರರಂತೆ ನಯಾಪೈಸೆ. ಇಲ್ಲಿ "ಮೀಟರ್ ಬಂದದ್ದರಿಂದ ನಯಾಪೈಸೆ ಬಂತು" ಅನ್ನಬಾರದು. ನಾಣ್ಯದ ಕಾಯ್ದೆ ಬೇರೆಯೇ, ಅದು ಆಗಿದ್ದೂ 1955ರಲ್ಲಿ. "ಅದರಿಂದಾಗಿ" ಮತ್ತು "ಅದೇ ಹೊತ್ತಿಗೆ" ಇವೆರಡನ್ನು ಕಲಸಿದರೆ ಕೊಂಡಿ ಅಲ್ಲೇ ಬಿಟ್ಟುಹೋಗುತ್ತದೆ.

ನೂರು ಪೈಸೆಯನ್ನು ಹಳೆಯ ರೂಪಾಯಿಯ ಹದಿನಾರಾಣೆಗೆ ಹಂಚಿದರೆ ಆಣೆಗೆ 6.25. ಚಿಲ್ಲರೆ ಕೊಡಲಾಗದ ಲೆಕ್ಕ! ಆಣೆ ನಾಣ್ಯಗಳ ಪೈಕಿ ನಾಲ್ಕಾಣೆಗೆ 25, ಎಂಟಾಣೆಗೆ 50, ಇವು ಮಾತ್ರ ಸರಿಯಾಗಿ ಕೂತವು. ಅದಕ್ಕೇ ಈ ಎರಡು ಹೆಸರುಗಳು ಹೊಸ ನಾಣ್ಯಕ್ಕೂ ಅಂಟಿಕೊಂಡು ಬಂದವು.

ಇಂಥದ್ದನ್ನು ಹೆಣೆಯಲು ಒಂದು ಸುಲಭದ ದಾರಿ ಇದೆ. ಪ್ರತಿ ಸಂಗತಿಗೂ ಒಂದು ಚೀಟಿ ಮಾಡಿ, ನಾಲ್ಕು ಮೂಲೆಯಲ್ಲಿ ಬರೆಯಿರಿ: ಎಲ್ಲಿ, ಯಾವುದರಿಂದ, ಎಷ್ಟು, ಯಾಕೆ. ಮುಂದಿನ ಚೀಟಿ ಇವುಗಳಲ್ಲೊಂದು ಮೂಲೆಯಿಂದ ಹುಟ್ಟಬೇಕು. ಒಂದೇ ಮೂಲೆಯನ್ನು ಸತತ ಮೂರು ಸಲ ಬಳಸಿದರೆ ಬೇಸರ ಬರುತ್ತದೆ. ನಡುವಿನ ಒಂದು ಚೀಟಿ ಎತ್ತಿಟ್ಟು ನೋಡಿ. ಅದಿಲ್ಲದೆಯೂ ಅಕ್ಕಪಕ್ಕದವು ಸೇರಿಕೊಂಡರೆ ಅದು ಬೇಕಿರಲಿಲ್ಲ. ಏಳೆಂಟು ಕೊಂಡಿ ದಾಟಬೇಡಿ, ಕೇಳುವವರಿಗೆ ಶುರು ಎಲ್ಲಿತ್ತೆಂಬುದೇ ಮರೆಯುತ್ತದೆ.

ಶುರುವಿಗೆ ವಾಪಸ್ ಬರುವಂತಿದ್ದರೆ ಇನ್ನೂ ಚೆನ್ನ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ತೊಲ ಅಂದಕೂಡಲೇ ಚಿನ್ನ. 2001ರಲ್ಲಿ ಮುಚ್ಚುವ ಹೊತ್ತಿಗೆ ಕೋಲಾರದ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದದ್ದು ಸುಮಾರು 3 ಗ್ರಾಂ ಚಿನ್ನ. ಒಂದು ತೊಲಕ್ಕೆ ಹತ್ತಿರ ಹತ್ತಿರ ನಾಲ್ಕು ಟನ್ ಕಲ್ಲನ್ನು ಆ ಆಳದಿಂದ ಮೇಲಕ್ಕೆತ್ತಬೇಕಿತ್ತು.